ಮಾರ್ಕಾ ಅಳಿಸಿದ ಬೇಸ್ ಗಿಟಾರು

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ದೇವರ ಮುಂದೆ ಕಂಬಳಿ ಹಾಸುತ್ತಿದ್ದರು. ಅದರ ಮೇಲೆ ಅಂಗಡಿಯ ತಕ್ಕಡಿ, ತೂಕದ ಕಲ್ಲು, ಹತ್ತಿಯ ದೊಡ್ಡ ಮೂಟೆಗಳನ್ನು, ಅಂದರೆ ಅಂಡಿಗೆಗಳನ್ನು ಎಳೆಯುವ ಕಬ್ಬಿಣದ ಕೊಕ್ಕೆ, ಮಾರ್ಕಾ ಹೊಡೆಯುವ ತಗಡಿನ ಅಚ್ಚುಗಳು, ಅಪ್ಪನ ಸ್ಕೂಟರಿನ ಕೀಲಿ, ಅಡುಗೆಮನೆಯ ಈಳಿಗೆ ಎಲ್ಲವೂ ಸಾಲಾಗಿ ಕೂರುತ್ತಿದ್ದವು. ಸಾಲಿನ ಕೊನೆಗೆ ಗೋಡೆಗೆ ಒರಗಿ ನಿಲ್ಲುತ್ತಿದ್ದುದು ಕಾಕಾನ ಬೇಸ್ ಗಿಟಾರು. ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರಿಗೆ, ಹೊಲಿಗೆ ಯಂತ್ರಕ್ಕೆ, ಗಿರಣಿಗೆ ಪೂಜೆ ಮಾಡುವವರು ಬೇಕಾದಷ್ಟು ಜನ. ಬೇಸ್ ಗಿಟಾರಿಗೆ ವಿಭೂತಿ ಹಚ್ಚಿದ ಮನೆ ಬಹುಶಃ ನಮ್ಮದೊಂದೇ.

ಹಚ್ಚುತ್ತಿದ್ದವಳು ಆಯಿ, ಅಂದರೆ ನನ್ನ ಅಜ್ಜಿ. ಆಕೆಯದು ಕಾಟಾಚಾರದ ಪೂಜೆಯಲ್ಲ. ಮೊದಲು ಹುಣಸೆಹಣ್ಣು ಹಚ್ಚಿ ಗಿಟಾರಿನ ಬಿರಡೆಗಳನ್ನು ತಿಕ್ಕುವಳು. ಆಮೇಲೆ ಒದ್ದೆ ಅರಿವೆಯಿಂದ ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಬಿರಡೆಗಳಿರುವ ಮೇಲಿನ ತುದಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕುವಳು.

"ಅವ್ವಾ, ಅಲ್ಲೆ ಕಂಪನಿ ಹೆಸರು ಐತಿ. ಅದರ ಮ್ಯಾಲೆ ಹಚ್ಚಬ್ಯಾಡ" ಎಂದು ಕಾಕಾ ವರ್ಷಾ ವರ್ಷಾ ಹೇಳುವನು.

"ಹಣಿ ಎಲ್ಲೈತಿ ಅಲ್ಲೇ ಹಚ್ಚಬೇಕಲ್ಲೋ. ಹೊಟ್ಟಿಗೆ ಹಚ್ಚಲೇನು?" ಎಂದು ಆಯಿ ವರ್ಷಾ ವರ್ಷಾ ಅಲ್ಲೇ ಹಚ್ಚುವಳು.

ನಮ್ಮದು ಹತ್ತಿಯ ದಲಾಲಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅಜ್ಜ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಿಳಿ ಗಾದಿಯ ಮೇಲೆ ಕೂತನೆಂದರೆ ಏಳುವುದು ಮಧ್ಯಾಹ್ನದ ಊಟಕ್ಕೇ. ಹತ್ತಿಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುವವರು, ಅಂಡಿಗೆಯ ಬಾಯಿಗೆ ಒಳ್ಳೆಯ ಹತ್ತಿ ಇಟ್ಟು ಬುಡಕ್ಕೆ ಕಸ ತುಂಬುವವರು ಮಾರುಕಟ್ಟೆಯಲ್ಲಿ ಕಡಿಮೆ ಇರಲಿಲ್ಲ. ಅಜ್ಜ ಅಂಗಿಯ ತೋಳು ಏರಿಸಿ ಮೊಣಕೈತನಕ ಅಂಡಿಗೆಯೊಳಗೆ ಕೈ ಹಾಕುವನು, ಬುಡದ ಹತ್ತಿ ಹೊರಗೆಳೆದು ಮೂಸಿ ನೋಡುವನು, ಸರಿ ಎನಿಸಿದರೆ ಮಾತ್ರ ನಮ್ಮ ಮಾರ್ಕಾ ಹೊಡೆಸುವನು. ವರ್ತುಲದೊಳಗೆ ಮೂರು ಇಂಗ್ಲಿಷ್ ಅಕ್ಷರ, ಅಜ್ಜನ ಹೆಸರಿನವು. ತಗಡಿನ ಅಚ್ಚು ಇಟ್ಟು ಮೇಲೆ ಮಸಿಯ ಬ್ರಶ್ ಆಡಿಸಿದರೆ ಮೂಡುತ್ತಿತ್ತು. ಅಂಡಿಗೆಗೆ ದೊಡ್ಡ ಅಚ್ಚು, ಮಾದರಿ ಹತ್ತಿ ಕಟ್ಟಿ ಕಳಿಸುವ ಪೊಟ್ಟಣಕ್ಕೆ ಸಣ್ಣ ಅಚ್ಚು, ಕೊಳ್ಳುವವರ ಹೆಸರು ಹೊಡೆಯಲು ಬಿಡಿ ಅಕ್ಷರಗಳ ಒಂದು ಡಬ್ಬಿ.

ಅಜ್ಜನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಆ ಮೂರು ಅಕ್ಷರ ನೋಡಿದರೆ ಗಿರಣಿಯವರು ಅಂಡಿಗೆ ಬಿಚ್ಚದೆಯೇ ಮಾಲು ಒಯ್ಯುತ್ತಾರೆ ಎಂಬುದು ಗೊತ್ತಿತ್ತು. ಗೋದಾಮಿನಲ್ಲಿ ಯಾವುದಾದರೂ ಅಂಡಿಗೆಯ ಮಾರ್ಕಾ ಅಳಿಸಿದ್ದು ಕಣ್ಣಿಗೆ ಬಿದ್ದರೆ ಅವತ್ತೇ ಮತ್ತೆ ಹೊಡೆಸಬೇಕು. "ಮಾರ್ಕಾ ಇಲ್ಲದ ಮಾಲು ಅಂದ್ರ ಹೆಸರಿಡದ ಕೂಸು" ಎನ್ನುತ್ತಿದ್ದ. ಅವನ ಬಾಯಲ್ಲಿ ಕೆಟ್ಟ ಬೈಗುಳ ಎಂದರೆ ಒಂದೇ, ಡುಪ್ಲಿಕೇಟ್. ಮಾಲಿಗೂ ಅದೇ, ಮನುಷ್ಯರಿಗೂ ಅದೇ.

ಅಂಥ ಮನೆಯೊಳಗೆ ಕಾಕಾ ಬೇಸ್ ಗಿಟಾರು ತಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಕಾಕಾ ಅಪ್ಪನ ತಮ್ಮ, ಅಜ್ಜನ ಕಿರಿಯ ಮಗ. ಹಗಲು ಅಂಗಡಿಯಲ್ಲಿ ಕೂತರೂ ಜೀವ ಮಾತ್ರ ಊರಿನ ಆರ್ಕೆಸ್ಟ್ರಾದಲ್ಲಿ. ಹಡಗಿನ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ ಗೋವಾದವನೊಬ್ಬ ವಾದ್ಯ ಮಾರುತ್ತಾನೆಂದು ತಿಳಿದು ರೈಲು ಹತ್ತಿ ವಾಸ್ಕೋಗೆ ಹೋಗಿ, ಚಾದರಿನಲ್ಲಿ ಸುತ್ತಿ, ಮದುಮಗಳನ್ನು ಕರೆತಂದಷ್ಟು ಜೋಪಾನವಾಗಿ ಮನೆಗೆ ತಂದ. ಅಜ್ಜ ಗಾದಿಯ ಮೇಲಿಂದ ಏಳದೆ ಕನ್ನಡಕ ಮೂಗಿಗೆ ಇಳಿಸಿ ನೋಡಿದ.

"ಗಿಟಾರಕ್ಕ ಆರು ತಂತಿ ಇರ್ತಾವಲ್ಲೋ. ಎರಡು ಕಡಿಮಿ ಕೊಟ್ಟು ಟೊಪಗಿ ಹಾಕ್ಯಾನ ನಿನಗ."

"ಇದು ಬೇಸ್ ಗಿಟಾರ್ ಅಪ್ಪಾ. ಇದಕ್ಕ ಇಷ್ಟಽ ಇರ್ತಾವು."

"ಮಾಲು ಒರಿಜಿನಲ್ ಐತೇನು?"

"ಖರೇ ಅಮೆರಿಕಾದ್ದು ಅಪ್ಪಾ. ಹೆಸರು ನೋಡ್ರಿ ಬೇಕಾದ್ರ."

ತುದಿಯ ಮೇಲೆ ಬಂಗಾರ ಬಣ್ಣದ ಅಕ್ಷರಗಳಿದ್ದವು ನಿಜ. ಆದರೆ ಯಾರ್ಯಾರದೋ ಕೈಯಲ್ಲಿ ಸವೆದು, ಅಲ್ಲೊಂದು ಇಲ್ಲೊಂದು ಗೆರೆ ಉಳಿದಿದ್ದವು. ಮಾರಿದವನು ಅಮೆರಿಕದ ದೊಡ್ಡ ಕಂಪನಿಯೊಂದರ ಹೆಸರು ಹೇಳಿದ್ದ, ಕಾಕಾ ಆ ಗೆರೆಗಳಲ್ಲಿ ಅದನ್ನೇ ಓದಿಕೊಂಡಿದ್ದ. ಅಜ್ಜ "ಹಂಗಿದ್ರ ಇರಲಿ" ಎಂದು ಕನ್ನಡಕ ಮೇಲೇರಿಸಿದ. ಆ "ಹಂಗಿದ್ರ" ಎಂಬ ಒಂದು ಮಾತಿನ ಬಲದ ಮೇಲೆ ಗಿಟಾರು ನಮ್ಮ ಮನೆಯಲ್ಲಿ ಉಳಿಯಿತು, ಕಾಕಾನ ಆರ್ಕೆಸ್ಟ್ರಾವೂ ಉಳಿಯಿತು.

ನಾನಾಗ ಸಣ್ಣವಳು. ಗಣಪತಿ ಹಬ್ಬದ ಪೆಂಡಾಲುಗಳಲ್ಲಿ, ಮದುವೆಗಳಲ್ಲಿ ಕಾಕಾ ಬಾರಿಸುವಾಗ ಮುಂದಿನ ಸಾಲಿನಲ್ಲಿ ಹೋಗಿ ಕೂರುತ್ತಿದ್ದೆ. ಎಷ್ಟು ಕಿವಿಗೊಟ್ಟರೂ ಹಾಡು ಕೇಳುತ್ತಿತ್ತು, ತಬಲಾ ಕೇಳುತ್ತಿತ್ತು, ಕಾಕಾನದು ಮಾತ್ರ ಕೇಳುತ್ತಿರಲಿಲ್ಲ. ಒಮ್ಮೆ ತಡೆಯದೆ ಕೇಳಿಯೇಬಿಟ್ಟೆ, "ಕಾಕಾ, ನೀ ಖರೇನ ಬಾರಸ್ತಿಯೋ, ಸುಮ್ಮನ ಬೆರಳು ಆಡಸ್ತಿಯೋ?" ಅವನು ನಕ್ಕು, ಮರುದಿನದ ತಾಲೀಮಿಗೆ ನನ್ನನ್ನು ಕರೆದೊಯ್ದು, ಹಾಡಿನ ನಡುವೆ ತಟ್ಟನೆ ಕೈ ನಿಲ್ಲಿಸಿದ. ಹಾಡು ಒಮ್ಮೆಗೇ ತೆಳ್ಳಗಾಯಿತು. ಉಪ್ಪು ಮರೆತ ಸಾರಿನ ಹಾಗೆ. "ಇದ್ದಾಗ ಗೊತ್ತಾಗಾಂಗಿಲ್ಲ, ಇಲ್ಲದಾಗ ಗೊತ್ತಾಕ್ಕೈತಿ. ಇದಽ ನನ್ನ ಕೆಲಸ" ಎಂದ. ಅಂದಿನಿಂದ ನಾನು ಯಾವ ಹಾಡು ಕೇಳಿದರೂ ಮೊದಲು ಹುಡುಕುವುದು ಆ ಕೆಳಗಿನ ದನಿಯನ್ನೇ.

ಒಂದು ದಸರೆಯ ಹೊತ್ತಿಗೆ ಕಾಕಾನಿಗೆ ಕಾಮಾಲೆ ಆಯಿತು. ಔಷಧಿ, ಪಥ್ಯ ಎಂದು ರಾಯಾಪುರದಲ್ಲಿದ್ದ ಅತ್ತೆಯ ಮನೆಗೆ ಕಳಿಸಿದರು. ಗುಣವಾಗಿ ಮರಳಿ ಬಂದಾಗ ಗಿಟಾರಿನ ತುದಿಯ ಮೇಲೆ ಅಮೆರಿಕದ ಕಂಪನಿಯ ಹೆಸರು ಕಪ್ಪಗೆ, ದಪ್ಪಗೆ, ಒಂದಕ್ಷರ ಬಿಡದೆ ಎದ್ದು ಕಾಣುತ್ತಿತ್ತು. ಕಾಕಾ ಬೆರಗಾಗಿ ಆಯಿಯನ್ನು ಕೇಳಿದ. ಆಯಿ ಒಲೆಯ ಕಡೆ ಮುಖ ಮಾಡಿ, "ಈ ಸಲ ಹುಣಸಿಹಣ್ಣು ಹಚ್ಚಿ ಜೋರ್ ತಿಕ್ಕೇನಿ" ಎಂದಳು. ಹಿತ್ತಾಳೆ ಚರಿಗೆ ತಿಕ್ಕಿದರೆ ಅದರ ಮೇಲಿನ ಹೆಸರು ಎದ್ದು ಬರುವುದಿಲ್ಲವೇ, ಹಾಗೆ ಇದೂ ಬಂತು ಎಂದು ಕಾಕಾ ನಂಬಿದ. ನಂಬಬೇಕೆಂದಿದ್ದವನಿಗೆ ಹುಣಸೆಹಣ್ಣೂ ಸಾಕು. "ನೋಡ್ರಿ, ಒರಿಜಿನಲ್ ಬಣ್ಣ ಹೆಂಗ ಒಳಗ ಇತ್ತು!" ಎಂದು ಬಂದವರಿಗೆಲ್ಲ ತೋರಿಸಿದ. ಬಂಗಾರದ ಅಕ್ಷರ ಕಪ್ಪಾದದ್ದು ಹೇಗೆ ಎಂದು ಅವನೂ ಕೇಳಿಕೊಳ್ಳಲಿಲ್ಲ, ನಾವೂ ಕೇಳಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ, ನಾನು ಧಾರವಾಡದಲ್ಲಿ ಕಾಲೇಜು ಸೇರಿದ ವರ್ಷ, ನಮ್ಮ ಓಣಿಯ ಗಣಪತಿಯ ಮುಂದೆ ಕಾಕಾನ ಆರ್ಕೆಸ್ಟ್ರಾ ಇತ್ತು. ಅಜ್ಜ ಹಿರಿಯನೆಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ್ದರು. ಅಂದು ಮುಂಬೈಯಿಂದ ಒಬ್ಬ ಗಿಟಾರಿನವನನ್ನು ಕರೆಸಿದ್ದರು. ಉದ್ದ ಕೂದಲು, ಸಂಜೆಯ ಹೊತ್ತಿನಲ್ಲೂ ಕಪ್ಪು ಕನ್ನಡಕ. ಅವನು ಕಾಕಾನ ವಾದ್ಯ ನೋಡಿದ, ತುದಿಯ ಹೆಸರು ಓದಿದ, ನಗತೊಡಗಿದ. ಎದುರಿಗೆ ಮೈಕು ಇತ್ತು. "ಅರೆ ಭಾಯಿ, ಯೇ ತೋ ಡುಪ್ಲಿಕೇಟ್ ಹೈ!" ಎಂಬ ಮಾತು ಇಡೀ ಓಣಿಗೆ ಕೇಳಿತು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಂದು ಕೈಯಲ್ಲಿ ಪ್ರಸಾದದ ತಟ್ಟೆ ಇರದಿದ್ದರೆ ಸ್ಟೇಜು ಹತ್ತಿಬಿಡುತ್ತಿದ್ದೆ. ಆದರೆ ಕಾಕಾ ಆ ಮುಂಬೈಯವನನ್ನು ನೋಡಲಿಲ್ಲ. ಅವನು ನೋಡಿದ್ದು ಅಜ್ಜನನ್ನು. ಅಜ್ಜ ಕುರ್ಚಿಯಿಂದ ಎದ್ದ, ಶಲ್ಯ ಹೆಗಲಿಗೆ ಹಾಕಿದ, ತಲೆ ತಗ್ಗಿಸಿ ಮನೆಯ ಕಡೆ ನಡೆದ.

ಮರುದಿನ ಕಾಕಾ ಗಿಟಾರಿಗೆ ಗವುಸು ಹಾಕಿ ಒಳಕೋಣೆಯ ಗೂಟಕ್ಕೆ ತೂಗುಹಾಕಿದ. ಆರ್ಕೆಸ್ಟ್ರಾದವರು ಬಂದು ಕರೆದರೂ ಹೋಗಲಿಲ್ಲ. ಸಂಜೆಯೂ ಅಂಗಡಿಯಲ್ಲೇ ಕೂರತೊಡಗಿದ. ನಗುವುದು ಬಿಡಲಿಲ್ಲ, ಊಟ ಬಿಡಲಿಲ್ಲ, ಬಾರಿಸುವುದನ್ನು ಮಾತ್ರ ಬಿಟ್ಟ. ಅಜ್ಜನೂ ಅವನೂ ಒಂದೇ ಗಾದಿಯ ಮೇಲೆ ಕೂತು ಹತ್ತಿಯ ಮಾತಷ್ಟೇ ಆಡುತ್ತಿದ್ದರು. ನಾನೊಮ್ಮೆ ಕೆದಕಿದಾಗ ಕಾಕಾ, "ಅಪ್ಪನ ಮನ್ಯಾಗ ಡುಪ್ಲಿಕೇಟ್ ಮಾಲು ಇಟ್ಟೆ ನಾನು. ಮಂದಿ ಮುಂದ ಅವರ ತಲಿ ತಗ್ಗಸಿದೆ. ಅದು ಒರಿಜಿನಲ್ ಅಂತ ಖಾತ್ರಿ ಆಗೂತನಕ ಮುಟ್ಟಾಂಗಿಲ್ಲ" ಎಂದ. ಮನೆಯಲ್ಲಿ ಹಾಡು ತೆಳ್ಳಗಾದದ್ದು ನನಗೆ ಗೊತ್ತಾಗುತ್ತಿತ್ತು. ಖಂಡೇ ಪೂಜೆಗೆ ಮಾತ್ರ ಆಯಿ ಬಿಡದೆ ಗಿಟಾರನ್ನು ಇಳಿಸಿ ವಿಭೂತಿ ಹಚ್ಚುತ್ತಿದ್ದಳು.

ಹಾಗೇ ಎರಡು ಮೂರು ವರ್ಷ ಕಳೆದವು. ಖಾತ್ರಿ ನಾನೇ ಮಾಡಿಕೊಡುತ್ತೇನೆ ಎಂದು ಹಟ ಹಿಡಿದೆ. ಅಷ್ಟರಲ್ಲಿ ಧಾರವಾಡದಲ್ಲಿ ಇಂಟರ್ನೆಟ್ಟಿನ ಅಂಗಡಿಗಳು ಬಂದಿದ್ದವು. ದಿನಾ ಸಂಜೆ ಕಾಲೇಜು ಬಿಟ್ಟ ಮೇಲೆ, ಪ್ಲೈವುಡ್ಡಿನ ಗೂಡಿನೊಳಗೆ ಕೂತು, ಒಂದು ಪುಟ ತೆರೆಯುವುದರೊಳಗೆ ಒಂದು ಸ್ವೆಟರ್ ಹೆಣೆಯಬಹುದಾದ ವೇಗದಲ್ಲಿ, ಹುಡುಕಿದೆ. ಜಗತ್ತಿನಲ್ಲಿ ಇದೇ ಕೆಲಸ ಮಾಡುವವರ ಒಂದು ಕೂಟವೇ ಇತ್ತು. ನಮ್ಮಲ್ಲಿ ಬೀಗರು ಬಂದು ಬೆಡಗು, ಕುಲಮೂಲ ವಿಚಾರಿಸುವ ಹಾಗೆ ಅವರು ಹಳೆಯ ಗಿಟಾರುಗಳ ತಿರುಪು, ತಗಡು, ಕಟ್ಟಿಗೆ ನೋಡಿ ಹುಟ್ಟೂರು ಹೇಳುತ್ತಿದ್ದರು. ಅಮೆರಿಕದ ಹೆಸರಾಂತ ಗಿಟಾರುಗಳನ್ನು ನೋಡಿ ನೋಡಿ ಬೇರೆ ದೇಶದವರು ಮಾಡಿದ ನಕಲುಗಳೇ ಸಾವಿರಾರು ಎಂದು ಅಲ್ಲೇ ಮೊದಲ ಸಲ ತಿಳಿದದ್ದು. ನನಗೆ ಪುಕಪುಕ ಎನ್ನಿಸಿತು. ಆದರೂ, "ನಮ್ಮದು ಒರಿಜಿನಲ್, ದಯವಿಟ್ಟು ಖಚಿತಪಡಿಸಿ" ಎಂದು ಗತ್ತಿನಿಂದಲೇ ಬರೆದೆ.

ಅವರು ಫೋಟೋ ಕೇಳಿದರು. ಮನೆಯಲ್ಲಿದ್ದ ಫೋಟೋಗಳೆಲ್ಲ ಪೂಜೆಯವೇ. ಒಂದರಲ್ಲೂ ಹೆಸರು ಕಾಣುವುದಿಲ್ಲ, ಅಳತೆ ಮಾಡಿ ಮುಚ್ಚಿದಂತೆ ಅರ್ಧ ವಿಭೂತಿಯ ಕೆಳಗೆ, ಅರ್ಧ ಚೆಂಡುಹೂವಿನ ಕೆಳಗೆ. ಇದ್ದುದರಲ್ಲಿ ಸ್ಪಷ್ಟವಾದದ್ದನ್ನು ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಹೂವಿನ ಬಗ್ಗೆ ಅವರು ಏನೂ ಕೇಳಲಿಲ್ಲ. ತುದಿಯ ಮೇಲಿನ ಮೂರು ಬಿಳಿ ಪಟ್ಟೆ ಮತ್ತು ನಡುವಿನ ಕೆಂಪು ಚುಕ್ಕೆಯ ಬಗ್ಗೆ ಮಾತ್ರ ಭಾರಿ ಚರ್ಚೆ ನಡೆಯಿತು. ಇಂಥ ಗುರುತಿನ ಕಂಪನಿಯನ್ನು ತಾನು ಕಂಡೇ ಇಲ್ಲ ಎಂದ ಒಬ್ಬ. ಬಹಳ ಅಪರೂಪದ ಮಾದರಿ ಇರಬೇಕು ಎಂದ ಇನ್ನೊಬ್ಬ. ಫಿನ್‌ಲ್ಯಾಂಡಿನ ಒಬ್ಬಾತ, ಆ ಪಟ್ಟೆಗಳು ಕೈಯಿಂದಲೇ ಎಳೆದವು, ಯಂತ್ರದವಲ್ಲ ಎಂದು ಪತ್ತೆ ಹಚ್ಚಿದ್ದ. ಗೂಡಿನೊಳಗೆ ಕೂತು ನಾನು ನಕ್ಕದ್ದಕ್ಕೆ ಅಂಗಡಿಯವನು ಪರದೆ ಸರಿಸಿ ನೋಡಿದ. ಆ ಪಟ್ಟೆ ಎಳೆದವಳು ನಮ್ಮ ಆಯಿ, ಅದು ವಿಭೂತಿ, ದೇವರ ಮುಂದೆ ಕೂರುವ ಎಲ್ಲಕ್ಕೂ ನಮ್ಮಲ್ಲಿ ಅದನ್ನು ಹಚ್ಚುತ್ತಾರೆ ಎಂದು ಬರೆದೆ. ಫಿನ್‌ಲ್ಯಾಂಡಿನವನು, ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ, ಹಾಗೆಯೇ ದಯವಿಟ್ಟು ಅದನ್ನು ಒರೆಸಿ ಇನ್ನೊಂದು ಫೋಟೋ ತೆಗೆಯಿರಿ ಎಂದು ಉತ್ತರ ಬರೆದ.

ಗೆಳತಿಯ ಕ್ಯಾಮೆರಾ ತಂದು, ಕಾಕಾ ಅಂಗಡಿಯಲ್ಲಿದ್ದ ಒಂದು ಮಧ್ಯಾಹ್ನ, ಅವರು ಹೇಳಿದಂತೆ ಗಿಟಾರಿನ ಎದೆಯ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದೆ. ಒಳಗೆ ಕೊರೆದ ಕಡೆ ಕಟ್ಟಿಗೆ ಇಡಿಯದಾಗಿರಲಿಲ್ಲ, ಚಿರೋಟಿಯ ಹಾಗೆ ಪದರು ಪದರು. ಮೂಲೆಯಲ್ಲಿ ಕಡಲೆಬೇಳೆಯಷ್ಟು ಸಣ್ಣದೊಂದು ನೇರಳೆ ಮೊಹರು, ನನಗೆ ತಿಳಿಯದ ಲಿಪಿಯದು. ಎಲ್ಲದರ ಫೋಟೋ ಕಳಿಸಿದೆ.

ಉತ್ತರ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಇದು ಅಮೆರಿಕದ್ದಲ್ಲ. ಎಪ್ಪತ್ತರ ದಶಕದಲ್ಲಿ ಜಪಾನಿನಲ್ಲಿ ಅಮೆರಿಕದ್ದನ್ನು ನೋಡಿ ಮಾಡಿದ ನಕಲು. ಒಂದೇ ಕಾರ್ಖಾನೆಯಿಂದ ಇಂಥವು ಹತ್ತಾರು ಹೆಸರು ಹೊತ್ತು ಹೋಗುತ್ತಿದ್ದವು, ಇದು ಯಾವ ಹೆಸರಿನದು ಎಂದು ಹೇಳಲು ತುದಿಯ ಮೇಲಿನ ಹಳೆಯ ಹೆಸರು ಬೇಕಿತ್ತು. ಒಳಗಿನ ಮೊಹರು ಜಪಾನಿಯದು, ಪರೀಕ್ಷಿಸಿ ಪಾಸು ಮಾಡಿದ ಗುರುತು. ವಾದ್ಯ ಒಳ್ಳೆಯದೇ. ಆದರೆ ಈಗ ಮೇಲಿರುವ ಹೆಸರು ಯಾವ ಕಾರ್ಖಾನೆಯದೂ ಅಲ್ಲ, ಯಾರೋ ಆಮೇಲೆ ತಗಡಿನ ಅಚ್ಚು ಇಟ್ಟು ಹೊಡೆದದ್ದು. ಒಂದೊಂದು ಅಕ್ಷರದ ಗೆರೆಯೂ ನಡುವೆ ತುಂಡಾಗಿರುವುದನ್ನು ಗಮನಿಸಿ.

ಧಾರವಾಡದಿಂದ ಹುಬ್ಬಳ್ಳಿಯತನಕ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತೆ. ಮುಂಬೈಯವನೇ ಗೆದ್ದನಲ್ಲ ಎಂದು ಉರಿಯಿತು. ಅದಕ್ಕಿಂತ ಹೆಚ್ಚಾಗಿ, ಇದನ್ನು ಹೇಳಿದರೆ ಗಿಟಾರು ಆ ಗೂಟದಿಂದ ಇನ್ನೆಂದೂ ಇಳಿಯುವುದಿಲ್ಲವಲ್ಲ ಎಂಬ ಚಿಂತೆ ಹತ್ತಿತು. ಹಬ್ಬ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಖಂಡೇ ಪೂಜೆ ಹತ್ತಿರದಲ್ಲೇ ಇತ್ತು.

ಪೂಜೆಯ ದಿನ ಎಂದಿನಂತೆ ಕಂಬಳಿ ಹಾಸಿದರು. ಗಿಟಾರನ್ನು ನಾನೇ ಇಳಿಸಿ ತಂದೆ. ಅಂದು ತಕ್ಕಡಿಗೆ ಜಾಗ ಸಾಲದೆ ಮಾರ್ಕಾದ ಅಚ್ಚುಗಳನ್ನು ಸರಿಸಿ ಗಿಟಾರಿನ ಮಗ್ಗುಲಿಗೆ ಒರಗಿಸಿದ್ದರು. ಆಯಿ ವಿಭೂತಿ ಕಲಸುತ್ತಿದ್ದಳು. ಬಗ್ಗಿ ಹೂವು ಜೋಡಿಸುವಾಗ ಸಣ್ಣ ಅಚ್ಚುಗಳಲ್ಲೊಂದು ಕಣ್ಣಿಗೆ ಬಿತ್ತು. ಇಂಗ್ಲಿಷಿನ ಆರ್ ಅಕ್ಷರದ್ದು. ಅದರ ಕಾಲು ಯಾವ ಕಾಲದಲ್ಲೋ ಮುರಿದು ಸೊಟ್ಟಗಾಗಿತ್ತು. ಮಾದರಿ ಪೊಟ್ಟಣಗಳ ಮೇಲೆಲ್ಲ ಆ ಕುಂಟ ಆರ್ ಅನ್ನು ನೋಡುತ್ತಲೇ ನಾನು ಬೆಳೆದವಳು. ತಲೆ ಎತ್ತಿದರೆ ಗಿಟಾರಿನ ತುದಿಯಲ್ಲಿ, ಅಮೆರಿಕದ ಹೆಸರಿನ ಕೊನೆಗೆ, ಅದೇ ಕುಂಟ ಆರ್ ನಿಂತಿತ್ತು.

ಹೆಸರು ಹೊಡೆದದ್ದು ನಮ್ಮದೇ ಅಂಗಡಿಯ ಅಚ್ಚಿನಿಂದ. ನನ್ನ ಮೈ ಉರಿದುಹೋಯಿತು. ಕಾಕಾ! ತಾನೇ ಹೊಡೆದುಕೊಂಡು, ಆಯಿಯ ಬಾಯಲ್ಲಿ ಹುಣಸೆಹಣ್ಣಿನ ಕತೆ ಹೇಳಿಸಿ, ನನ್ನನ್ನು ಇಂಟರ್ನೆಟ್ಟಿನ ಅಂಗಡಿಗೆ ಅಲೆಸಿದನೇ! ಆರತಿ ಮುಗಿಯುವತನಕ ಹಲ್ಲು ಕಚ್ಚಿ ನಿಂತೆ. ಮುಗಿದದ್ದೇ ತಡ, ತುದಿಯ ವಿಭೂತಿ ಒರೆಸಿ, ಒಂದು ಕೈಯಲ್ಲಿ ಅಚ್ಚು, ಇನ್ನೊಂದರಲ್ಲಿ ಗಿಟಾರು ಹಿಡಿದು ಅವನ ಮುಂದೆ ನಿಂತೆ.

"ಕಾಕಾ, ಇದು ಜಪಾನಿಂದು, ಅಮೆರಿಕಾದ್ದಲ್ಲ. ಈ ಹೆಸರು ನಮ್ಮ ಅಚ್ಚಿಂದು. ಯಾಕ ಹಿಂಗ ಮಾಡ್ದಿ? ಅಜ್ಜಗ ಯಾಕ ಸುಳ್ಳು ಹೇಳ್ದಿ?"

ಕಾಕಾ ಅಚ್ಚು ನೋಡಿದ, ಹೆಸರು ನೋಡಿದ. ಅವನ ಮುಖ ಬಿಳಿಚಿಕೊಂಡಿತು. "ಯವ್ವಾ, ಲಿಂಗದಾಣಿ ಮಾಡಿ ಹೇಳ್ತೇನಿ, ನಾ ಮಾಡಿಲ್ಲ" ಎಂದ. ಆ ಮುಖ ನೋಡಿದ ಮೇಲೆ ನನಗೂ ಸಂಶಯ ಉಳಿಯಲಿಲ್ಲ. ಇಬ್ಬರೂ ಆಯಿಯ ಕಡೆ ತಿರುಗಿದೆವು. ಆಯಿ ಸೆರಗಿನಿಂದ ಬಾಯಿ ಮುಚ್ಚಿ ಅಜ್ಜನ ಕಡೆ ನೋಡಿದಳು.

ಅಜ್ಜ ಕಂಬಳಿಯ ಪಕ್ಕದಲ್ಲೇ ಕೂತಿದ್ದ. "ಆಕಿಗೇನು ಕೇಳ್ತೀರಿ, ನನ್ನ ಕೇಳ್ರಿ. ನಾ ಹೊಡದೇನಿ" ಎಂದ.

ಆಮೇಲೆ ನೆಲ ನೋಡುತ್ತ ಉಳಿದದ್ದನ್ನೂ ಹೇಳಿದ.

"ಇವ ರಾಯಾಪುರಕ್ಕ ಹೋದ ವರ್ಷ ಇವರವ್ವ ತಿಕ್ಕಿ ತಿಕ್ಕಿ ಇದ್ದ ಹೆಸರು ಪೂರಾ ಅಳಿಸಿಬಿಟ್ಟಳು. ಮಗ ಬಂದ್ರ ಏನಂತಾನೋ ಅಂತ ಅಳಕೋತ ಕುಂತಿದ್ದಳು. ಮಾರ್ಕಾ ಅಳಿಸಿದ್ರ ಹೊಡಸೂದು ನಮ್ಮ ಧರ್ಮ ಅಲ್ಲೇನು? ಕೇಶ್ವಾಪುರದ ವಾದ್ಯದ ಅಂಗಡಿಗೆ ಹ್ವಾದೆ. ಅಮೆರಿಕಾದಾಗ ಛಲೋದ್ರಾಗ ಛಲೋ ಗಿಟಾರ ಯಾವುದ್ರಿ ಅಂತ ಕೇಳಿ, ಅಂಗೈ ಮ್ಯಾಲೆ ಬರಸಿಕೊಂಡು ಬಂದೆ. ನನಗೇನು ಓದಾಕ ಬರ್ತೈತಿ? ಅಕ್ಷರಕ್ಕ ಅಕ್ಷರ ಹೊಂದಿಸಿ ಹೊಡದೆ."

ಅಂಗೈ ಬೆವತು ಹೆಸರು ಅಳಿಸೀತೆಂದು ದಾರಿಯುದ್ದಕ್ಕೂ ಮುಷ್ಟಿ ಕಟ್ಟದೆ ನಡೆದು ಬಂದನಂತೆ. ರುಮಾಲು ಸುತ್ತಿದ ಹತ್ತಿ ದಲಾಲಿಯೊಬ್ಬ ಅಂಗೈ ಬಿಚ್ಚಿಕೊಂಡು ಕೇಶ್ವಾಪುರದಿಂದ ನಡೆದು ಬರುವುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಕಣ್ಣೂ ತುಂಬುತ್ತವೆ. ಅಂದು ಮಾತ್ರ ನಾನು ನಗಲಿಲ್ಲ.

"ಹಂಗಾರ ಅವತ್ತ ಗಣಪತಿ ಮುಂದ ಎದ್ದು ಯಾಕ ಹ್ವಾದ್ರಿ ಅಪ್ಪಾ? ನನ್ನ ಮ್ಯಾಲೆ ಸಿಟ್ಟು ಬಂತು ಅಂತ ತಿಳದೆ ನಾನು" ಎಂದ ಕಾಕಾ.

"ನಿನ್ನ ಮ್ಯಾಲೆ ಯಾಕ ಸಿಟ್ಟು? ನೀ ತಂದದ್ದು ಖರೇ ಮಾಲು. ನಾ ಮುಟ್ಟಿ ಡುಪ್ಲಿಕೇಟ್ ಮಾಡಿಟ್ಟೆ. ಮಂದಿ ಮುಂದ ನನ್ನಿಂದ ನಿನ್ನ ಮಾನ ಹೋತು. ಯಾವ ಮಾರಿ ಇಟ್ಕೊಂಡು ಕುಂದರಲಿ ಅಲ್ಲೆ? ನೀ ಬಾರಸೂದು ಬಿಟ್ಟಾಗ, ಇವಗ ಗೊತ್ತಾಗೇತಿ, ನನ್ನ ಹೆಸರು ಹೇಳಬಾರದಂತ ಸುಮ್ಮನ ಅದಾನ ಅಂತ ತಿಳದೆ."

ಒಂದೇ ಗಾದಿಯ ಮೇಲೆ ಕೂತು ಅಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ತಪ್ಪಿತಸ್ಥರಾಗಿದ್ದರು. ನನಗೆ ಇಬ್ಬರನ್ನೂ ಬೈಯಬೇಕೆನಿಸಿತು. ಬೈದೂ ಬಿಟ್ಟೆ. "ಗಂಡಸರಿಗೆ ದೇವರು ಬಾಯಿ ಯಾಕ ಕೊಟ್ಟಾನ, ಬರೇ ರೊಟ್ಟಿ ತಿನ್ನಾಕೇನು?" ಎಂದೆ. ಆಯಿ ನಕ್ಕಳು, ಆಮೇಲೆ ಅತ್ತಳು. ಆಮೇಲೆ ಎಲ್ಲರಿಗೂ ಹೋಳಿಗೆ ಬಡಿಸಿದಳು.

ಊಟ ಮಾಡುತ್ತ ಅಜ್ಜ ಗಿಟಾರಿನ ವಿಷಯವನ್ನು ಮೊದಲಿಂದ ಕೇಳಿದ. ಜಪಾನಿನ ಕಾರ್ಖಾನೆ, ಹತ್ತಾರು ಹೆಸರು, ಪದರಿನ ಕಟ್ಟಿಗೆ, ಒಳಗಿನ ಮೊಹರು ಎಲ್ಲ ಹೇಳಿದೆ. ಮೊಹರಿನ ಮಾತು ಬಂದಾಗ ಅವನ ಕೈತುತ್ತು ನಿಂತಿತು. "ನೋಡಿ ಪಾಸ್ ಮಾಡ್ಯಾನಂದ್ರ ಅಲ್ಲೆ ಯಾವನೋ ಒಬ್ಬ ಒಳಗ ಕೈ ಹಾಕಿ ನೋಡ್ಯಾನ. ಅಂದ ಮ್ಯಾಲೆ ಮಾಲು ಕೆಟ್ಟದ್ದಲ್ಲ. ಹೆಸರು ಅಷ್ಟಽ ಸುಳ್ಳು" ಎಂದ. ಅವನ ಮಟ್ಟಿಗೆ ಅಸಲು ನಕಲಿನ ವ್ಯಾಜ್ಯ ಅಲ್ಲಿಗೆ ಮುಗಿಯಿತು.

ಮರುದಿನ ಸಂಜೆ ಬನ್ನಿ. ಚಿಕ್ಕವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುವ ಹೊತ್ತು. ಕಾಕಾ ಅಜ್ಜನ ಕೈಗೆ ಬನ್ನಿ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಪ್ಪಾ" ಎಂದು ನಮಸ್ಕರಿಸಿದ. ಅಜ್ಜ ಎಲೆಯನ್ನು ಕಣ್ಣಿಗೊತ್ತಿ ರುಮಾಲಿಗೆ ಸಿಕ್ಕಿಸಿಕೊಂಡು, "ಗಿಟಾರ ತಗೊಂಡು ಬಾ" ಎಂದ. ಅಂಗಡಿಯಿಂದ ಥಿನ್ನರಿನ ಬಾಟಲಿ ಮೊದಲೇ ತರಿಸಿಟ್ಟಿದ್ದ. ಅರಿವೆಗೆ ಹಚ್ಚಿ ಅಮೆರಿಕದ ಹೆಸರನ್ನು ತಾನೇ ಒರೆಸಿದ. ಕುಂಟ ಆರ್ ಕೊನೆಯದಾಗಿ ಹೋಯಿತು.

"ಬರೇ ಹಣಿ ಇರಲಿ ಬಿಡ್ರಿ ಅಪ್ಪಾ" ಎಂದ ಕಾಕಾ.

"ಮಾರ್ಕಾ ಇಲ್ಲದ ಮಾಲು ನನ್ನ ಮನ್ಯಾಗ ಇಡಾಂಗಿಲ್ಲ" ಎಂದ ಅಜ್ಜ. ಮಾದರಿ ಪೊಟ್ಟಣದ ಸಣ್ಣ ಅಚ್ಚು ತೆಗೆದ, ವರ್ತುಲದೊಳಗೆ ಮೂರು ಅಕ್ಷರವಿರುವುದನ್ನು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಚ್ಚನ್ನು ಒತ್ತಿ ಹಿಡಿದು, ಮಸಿಯ ಬ್ರಶ್ ಆಡಿಸಿದ. ಅಂಗಡಿಯಿಂದ ಹೊರಟ ಹತ್ತಿಗಲ್ಲದೆ ಬೇರೆ ಯಾವುದಕ್ಕೂ ಆ ಮಾರ್ಕಾ ಬಿದ್ದದ್ದನ್ನು ನಾವು ಕಂಡಿರಲಿಲ್ಲ. ಅಪ್ಪನ ಮದುವೆಯ ಕಪಾಟಿಗೂ ಹೊಡೆಯಲು ಒಪ್ಪಿರಲಿಲ್ಲವಂತೆ.

ಮಸಿ ಆರಿದ ಮೇಲೆ ಕಾಕಾ ತಂತಿ ಸರಿಮಾಡಿ ಬಾರಿಸಿದ. ಬೆರಳು ಮೊದಲು ತಡವರಿಸಿದವು, ಆಮೇಲೆ ದಾರಿ ಸಿಕ್ಕಿತು. ಹಾಡುವವರು ಯಾರೂ ಇರಲಿಲ್ಲ, ಕೆಳಗಿನ ದನಿಯೊಂದೇ. ಅಜ್ಜ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ, "ಎರಡು ತಂತಿ ಕಡಿಮಿ ಇದ್ರೂ ತೂಕ ಬರೋಬರಿ ಐತಿ" ಎಂದ. ಆ ಚಳಿಗಾಲದಲ್ಲೇ ಕಾಕಾ ಮತ್ತೆ ಆರ್ಕೆಸ್ಟ್ರಾ ಸೇರಿದ. ಯಾರಾದರೂ ಯಾವ ಕಂಪನಿಯದು ಎಂದು ಕೇಳಿದರೆ, "ನಮ್ಮಪ್ಪನ ಕಂಪನೀದು" ಎನ್ನುತ್ತಿದ್ದ.

ಫಿನ್‌ಲ್ಯಾಂಡಿನವನಿಗೆ ಎಲ್ಲವನ್ನೂ ಬರೆದು ಹೊಸ ಫೋಟೋ ಕಳಿಸಿದೆ. ಇಂಥ ನಕಲುಗಳನ್ನು ಹುಡುಕುತ್ತ ತನ್ನ ಅರ್ಧ ಆಯುಷ್ಯ ಕಳೆದಿದೆ, ಹೆಸರು ಹಾಕಿದವನೇ ಮುಂದೆ ಬಂದು ಒಪ್ಪಿಕೊಂಡದ್ದು ಇದೇ ಮೊದಲು ಎಂದು ಅವನು ಬರೆದ. ಅಜ್ಜನಿಗೆ ಓದಿ ಹೇಳಿದೆ. "ದಲಾಲಿ ಆದಾವ ಒಪ್ಪಿಕೊಳ್ಳಾಕಽ ಬೇಕು" ಎಂದ.

ಮರುವರ್ಷದ ಖಂಡೇ ಪೂಜೆಗೆ ಮತ್ತೆ ಕಂಬಳಿ ಹಾಸಿದರು, ಸಾಲಿನ ಕೊನೆಗೆ ಗಿಟಾರು ನಿಂತಿತು. ಆಯಿ ಹುಣಸೆಹಣ್ಣಿನಿಂದ ಬಿರಡೆಗಳನ್ನಷ್ಟೇ ಹುಷಾರಾಗಿ ತಿಕ್ಕಿದಳು. ಆಮೇಲೆ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ತುದಿಯ ತನಕ ಕೈ ಒಯ್ದವಳು ಅಲ್ಲೇ ನಿಂತಳು. ಕೈ ಕೆಳಗಿಳಿಸಿ, ಗಿಟಾರಿನ ಅಗಲವಾದ ಒಡಲಿನ ಮೇಲೆ ಮೂರು ಗೆರೆ ಎಳೆದಳು.

"ಯಾಕವ್ವಾ, ಹಣಿ ಬಿಟ್ಟು ಹೊಟ್ಟಿಗೆ ಹಚ್ಚಿದಿ?" ಎಂದು ಕಾಕಾ ಕೆಣಕಿದ.

"ಸುಮ್ಮನಿರೋ" ಎಂದಳು ಆಯಿ. "ಅಲ್ಲೆ ನಿಮ್ಮಪ್ಪನ ಹೆಸರು ಐತಿ."